ಪೆನ್ನಿನ ಮರಕ್ಕೆ ತುಂಬಿದ ರೆಸಿನ್ ಕೈಕೊಟ್ಟರೆ ತಪ್ಪು ಎಲ್ಲಿ ಹುಡುಕಬೇಕು

ತುಮಕೂರು ಕಡೆ ಲೇತ್ ಇಟ್ಟುಕೊಂಡು ಪೆನ್ನು ಕಡೆಯುವವರಿಗೆ ಮರಕ್ಕೇನೂ ಬರ ಇಲ್ಲ. ಸಾಮಿಲ್ ಹಿಂದೆ ಬಿದ್ದಿರುವ ಹುಣಸೆ, ತಿಪಟೂರಿನ ತೆಂಗು, ಶಿರಾ ಪಾವಗಡ ದಾರಿಯಲ್ಲಿ ಸೌದೆಗೆ ಹೋಗುವ ಜಾಲಿ, ಇನ್ನೂ ಆಚೆ ಹೋದರೆ ಶ್ರೀನಿವಾಸಪುರದ ತೋಟಗಳಲ್ಲಿ ಕಡಿದು ಹಾಕಿದ ಮಾವಿನ ಕೊಂಬೆ. ಬರ ಇರುವುದು ದೋಷ ಇಲ್ಲದ ತುಂಡಿಗೆ. ಹುಣಸೆ ಚೇಗಿನ ಬಣ್ಣ ಎಷ್ಟು ಚೆನ್ನಾಗಿರುತ್ತದೋ ಅದರಲ್ಲಿ ಸೀಳು, ಹುಳುವಿನ ತೂತು, ತೊಗಟೆ ಒಳಗೆ ಸೇರಿಕೊಂಡ ಗೆರೆ ಅಷ್ಟೇ ಜಾಸ್ತಿ. ಹಾಗಾಗಿ ರೆಸಿನ್, ಅಂದರೆ ಎರಡು ದ್ರವ ಕಲಸಿದರೆ ಗಟ್ಟಿಯಾಗುವ ವಸ್ತು (ಹೆಚ್ಚಾಗಿ ಎಪಾಕ್ಸಿ), ತುಂಬುತ್ತೇವೆ. ತುಂಬಿದ್ದು ಕೆಲವೊಮ್ಮೆ ಕೂರುತ್ತದೆ, ಕೆಲವೊಮ್ಮೆ ಕಡೆಯುವಾಗ ಹಾರಿಹೋಗುತ್ತದೆ, ಕೆಲವೊಮ್ಮೆ ಪೆನ್ನು ಮಾರಿ ತಿಂಗಳಾದ ಮೇಲೆ ಫೋನ್ ಬರುತ್ತದೆ.

ಫೋನ್ ಬಂದಾಗ ಎಲ್ಲರೂ ಬೈಯುವುದು ರೆಸಿನ್ನನ್ನು. ನನ್ನ ಪ್ರಕಾರ ಹತ್ತರಲ್ಲಿ ಏಳೆಂಟು ಸಲ ತಪ್ಪು ಮರದ್ದು. ಮರದೊಳಗೆ ನೀರಿತ್ತು, ಗಾಳಿ ಇತ್ತು, ಪುಡಿ ಇತ್ತು, ಇಲ್ಲವೇ ಮರವೇ ಕುಂಬಾಗಿತ್ತು. ಬ್ರ್ಯಾಂಡ್ ಬದಲಾಯಿಸಿ ದುಡ್ಡು ಕಳೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ದೋಷ ಕಾಣಿಸಿದ್ದು ಯಾವಾಗ? ಮಾರನೇ ದಿನವೇ ಅಂಟಂಟಾಗಿತ್ತೋ, ತೂತು ಕೊರೆಯುವಾಗ ಕೆಟ್ಟಿತೋ, ಉಳಿ ತಾಗಿದಾಗ ಎದ್ದಿತೋ, ಪಾಲಿಶ್ ಆದ ಮೇಲೆ ಕಂಡಿತೋ, ತಿಂಗಳು ಬಿಟ್ಟು ಬಿರುಕಾಯಿತೋ. ಕಾಣಿಸಿದ ಹೊತ್ತು ಗೊತ್ತಾದರೆ ಅರ್ಧ ಕಾರಣ ಗೊತ್ತಾದ ಹಾಗೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೇಜಿನ ಹಲಗೆಗೆ ರೆಸಿನ್ ತುಂಬುವುದು ಬೇರೆ, ಪೆನ್ನಿಗೆ ತುಂಬುವುದು ಬೇರೆ. ಸಣ್ಣ ಪೆನ್ನಿನ ಕಿಟ್‌ನಲ್ಲಿ (ಪೆನ್ನಿನ ಲೋಹದ ಭಾಗಗಳ ಸೆಟ್) ಮರಕ್ಕೆ ತೂತು ಕೊರೆದು ಒಳಗೆ ಅಂಟಿಸುವ ಹಿತ್ತಾಳೆ ಟ್ಯೂಬ್ 7 ಮಿಲಿಮೀಟರ್ ಇರುತ್ತದೆ, ಬುಶ್ (ಕಡೆಯುವಾಗ ತುದಿಗಳಲ್ಲಿ ಅಳತೆಗೆ ಇಡುವ ಲೋಹದ ಬಳೆ) ಹತ್ತಿರ ಮರ ಉಳಿಯುವುದು ಅರ್ಧ ಮುಕ್ಕಾಲು ಮಿಲಿಮೀಟರ್ ಅಷ್ಟೇ. ಮುಕ್ಕಾಲು ಇಂಚಿನ ಚೌಕ ತುಂಡಿನಲ್ಲಿ ನೀವು ಹೊರಗಿಂದ ನೋಡಿ ತುಂಬಿದ ಸೀಳು ಬಹುಪಾಲು ಹೊಟ್ಟಾಗಿ ನೆಲಕ್ಕೆ ಬೀಳುತ್ತದೆ. ಕೊನೆಗೆ ಪೆನ್ನಿನ ಮೈಮೇಲೆ ಬರುವುದು ಟ್ಯೂಬ್‌ಗೆ ಅಂಟಿಕೊಂಡಿರುವ ಒಳಗಿನ ಪದರ. ಅಲ್ಲಿಯವರೆಗೆ ರೆಸಿನ್ ಇಳಿದಿತ್ತಾ ಅನ್ನುವುದೇ ಮುಖ್ಯ.

ಮಾರನೇ ದಿನ ನೋಡಿದರೆ ಇನ್ನೂ ಮೆತ್ತಗೆ

ಇಲ್ಲಿ ಕಪ್ ನೋಡಿ. ರೆಸಿನ್ ಕಲಸಿದ ಕಪ್ಪನ್ನು ಯಾವತ್ತೂ ಬಿಸಾಡಬೇಡಿ, ತುಂಡಿನ ಪಕ್ಕದಲ್ಲೇ ಇಡಿ. ಮರುದಿನ ಕಪ್ಪಿನ ತಳದಲ್ಲಿ ಉಳಿದದ್ದಕ್ಕೆ ಉಗುರು ಒತ್ತಿ, ಆಮೇಲೆ ಮರದಲ್ಲಿ ತುಂಬಿದ್ದಕ್ಕೆ ಒತ್ತಿ. ಎರಡೂ ಮೆತ್ತಗಿದ್ದರೆ ಅಳತೆ ತಪ್ಪಿದೆ. ಕಪ್ಪಿನಲ್ಲಿ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಜಿಗುಟು ಇದ್ದರೆ ಅಳತೆ ಸರಿ ಇದೆ, ಕಲಸಿದ್ದು ಸಾಲದು. ಕಪ್ಪಿನ ಗೋಡೆ, ತಳ ಕೆರೆದು ಕೆರೆದು ಕಲಸಬೇಕು, ಸಾಧ್ಯವಾದರೆ ಇನ್ನೊಂದು ಕಪ್ಪಿಗೆ ಸುರಿದು ಮತ್ತೆ ಕಲಸಬೇಕು. ಕಪ್ಪಿನಲ್ಲಿ ಕಲ್ಲಿನಂತಾಗಿ ಮರದಲ್ಲಿ ಮಾತ್ರ ಮೆತ್ತಗಿದ್ದರೆ ಗಾಬರಿ ಬೇಡ. ಎಪಾಕ್ಸಿ ತನ್ನದೇ ಬಿಸಿಯಲ್ಲಿ ಗಟ್ಟಿಯಾಗುವ ವಸ್ತು, ಸೀಳಿನಲ್ಲಿರುವ ತೆಳುವಾದ ಗೆರೆಗೆ ಕಪ್ಪಿನ ಮುದ್ದೆಗೆ ಬರುವಷ್ಟು ಬಿಸಿ ಬರುವುದಿಲ್ಲ. ಇನ್ನೊಂದು ದಿನ ಬಿಡಿ. ಆಗಲೂ ಹಾಗೇ ಇದ್ದರೆ ಮರ ಹಸಿ ಅಂತ ಅನುಮಾನ ಪಡಿ.

ಅಳತೆಯಲ್ಲಿ ಎಡವುವುದು ಒಂದೇ ಕಡೆ. ಡಬ್ಬದ ಮೇಲೆ 2:1 ಅಂತ, ಅಂದರೆ ಎರಡು ಪಾಲು ರೆಸಿನ್‌ಗೆ ಅದನ್ನು ಗಟ್ಟಿ ಮಾಡುವ ಹಾರ್ಡನರ್ ಒಂದು ಪಾಲು ಅಂತ ಬರೆದಿರುತ್ತದೆ, ಅದು ಅಳತೆ ಕಪ್ಪಿನ ಲೆಕ್ಕವೋ ತೂಕದ ಲೆಕ್ಕವೋ ಅಂತ ಯಾರೂ ಓದುವುದಿಲ್ಲ. ಹಾರ್ಡನರ್ ಸಾಮಾನ್ಯವಾಗಿ ರೆಸಿನ್‌ಗಿಂತ ಹಗುರ. ಮಾಮೂಲಿ ಅರಾಲ್ಡೈಟ್ ತೆಗೆದುಕೊಳ್ಳಿ: ಅಳತೆಯಲ್ಲಿ ಸಮಸಮ, ತೂಕದಲ್ಲಾದರೆ 100ಕ್ಕೆ 80. ಕಪ್ಪಿನ ಲೆಕ್ಕವನ್ನು ತಕ್ಕಡಿಗೆ ಹಾಕಿದರೆ ಹಾರ್ಡನರ್ ಜಾಸ್ತಿ ಬೀಳುತ್ತದೆ. ಪೆನ್ನಿನ ಕೆಲಸಕ್ಕೆ ಕಲಸುವುದೇ ಐದು ಹತ್ತು ಗ್ರಾಂ, ಅಷ್ಟರಲ್ಲಿ ಒಂದು ಗ್ರಾಂ ಹೆಚ್ಚುಕಡಿಮೆ ಆದರೂ ದೊಡ್ಡದೇ.

ಫೈಬರ್ ಕೆಲಸ ಗೊತ್ತಿರುವವರು ಇನ್ನೊಂದು ಅಭ್ಯಾಸ ತರುತ್ತಾರೆ. ನೀರಿನ ಟ್ಯಾಂಕ್, ಬಂಪರ್ ರಿಪೇರಿಗೆ ಬಳಸುವ ಪಾಲಿಯೆಸ್ಟರ್ ರೆಸಿನ್‌ನಲ್ಲಿ ಚಳಿ ಇದ್ದರೆ ಕ್ಯಾಟಲಿಸ್ಟ್ (ಅದನ್ನು ಗಟ್ಟಿ ಮಾಡುವ ದ್ರವ) ಸ್ವಲ್ಪ ಜಾಸ್ತಿ, ಬಿಸಿಲಿದ್ದರೆ ಕಮ್ಮಿ, ಸುಮಾರು ಶೇಕಡಾ 1ರಿಂದ 2ರ ಒಳಗೆ ಆಡಿಸಬಹುದು. ಎಪಾಕ್ಸಿಯಲ್ಲಿ ಈ ಆಟ ನಡೆಯಲ್ಲ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಹೆಚ್ಚಿಗೆ ಸುರಿದರೆ ಮಿಕ್ಕಿದ್ದು ಜೋಡಿ ಇಲ್ಲದೆ ಒಳಗೇ ಉಳಿದು ಇಡೀ ತುಂಬುವಿಕೆಯನ್ನು ರಬ್ಬರ್ ಮಾಡುತ್ತದೆ. ಅದು ಎಷ್ಟು ದಿನ ಬಿಟ್ಟರೂ ಗಟ್ಟಿಯಾಗಲ್ಲ, ಕೆರೆದು ತೆಗೆಯುವುದೊಂದೇ ದಾರಿ. ಪಾಲಿಯೆಸ್ಟರ್ ಬಳಸುವವರಿಗೆ ಒಂದು ಎಚ್ಚರಿಕೆ, ಇದು ತಮಾಷೆಯಲ್ಲ: ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕು ಮಾಡುವ ದ್ರವ) ಮತ್ತು ಕ್ಯಾಟಲಿಸ್ಟ್ ಎರಡನ್ನೂ ನೇರವಾಗಿ ಒಂದಕ್ಕೊಂದು ಸೇರಿಸಬಾರದು, ಸಿಡಿಯುತ್ತದೆ. ಮೊದಲು ಕೋಬಾಲ್ಟ್ ರೆಸಿನ್‌ನಲ್ಲಿ ಪೂರ್ತಿ ಬೆರೆಯಲಿ, ಆಮೇಲೆ ಕ್ಯಾಟಲಿಸ್ಟ್. ಇನ್ನು ಪಾಲಿಯೆಸ್ಟರ್‌ನ ಮೇಲ್ಮೈ ಮಾತ್ರ ಜಿಗುಟಾಗಿದ್ದು ಒಳಗೆ ಗಟ್ಟಿ ಇದ್ದರೆ ಅದು ದೋಷವೇ ಅಲ್ಲ, ಗಾಳಿ ತಾಗಿದ ಪದರ ಹಾಗೇ ಇರುತ್ತದೆ, ಮೊದಲ ಕಡೆತದಲ್ಲೇ ಹೋಗುತ್ತದೆ.

ಹವೆಯ ಪಾತ್ರವೂ ಇದೆ. ಡಿಸೆಂಬರ್, ಜನವರಿಯಲ್ಲಿ ಚಿಕ್ಕಬಳ್ಳಾಪುರ, ಕೋಲಾರ ಕಡೆ ಬೆಳಿಗ್ಗೆ ಶೆಡ್ಡಿನೊಳಗೆ ಬಾಟಲಿ ಎತ್ತಿದರೆ ರೆಸಿನ್ ಜೇನುತುಪ್ಪದಂತೆ ಇಳಿಯುತ್ತದೆ, ಸಣ್ಣ ಸೀಳಿಗೆ ನುಗ್ಗುವುದೇ ಇಲ್ಲ. ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ. ರೆಸಿನ್ ಬೆಳ್ಳಗೆ ಮಬ್ಬಾಗಿ ತಳದಲ್ಲಿ ಹರಳು ಕಟ್ಟಿದ್ದರೂ ಬಿಸಾಡಬೇಡಿ, 50 ಡಿಗ್ರಿ ಆಸುಪಾಸಿನ ನೀರಿನಲ್ಲಿಟ್ಟರೆ ಹರಳು ಕರಗಿ ಮೊದಲಿನಂತಾಗುತ್ತದೆ. ಮಳೆಗಾಲದಲ್ಲಿ ಬೇರೆ ಕಥೆ. ಗಟ್ಟಿಯಾದ ಎಪಾಕ್ಸಿ ಮೇಲೆ ಎಣ್ಣೆ ಸವರಿದಂಥ ಪದರ ಬರುತ್ತದೆ, ಹಾರ್ಡನರ್ ಗಾಳಿಯ ತೇವ ಹೀರಿ ಹಾಗಾಗುವುದು. ಅದನ್ನು ಉಪ್ಪುಕಾಗದದಿಂದ ಉಜ್ಜಿದರೆ ಹರಡುತ್ತದೆ ಅಷ್ಟೇ. ಸೋಪಿನ ನೀರಲ್ಲಿ ಒರೆಸಿ, ಒಣಗಿಸಿ, ಆಮೇಲೆ ಉಜ್ಜಿ. ಹಾಗೇ ಬಿಟ್ಟು ಎರಡನೇ ಸಲ ತುಂಬಿದರೆ ಎರಡು ಪದರ ಒಂದಕ್ಕೊಂದು ಹಿಡಿಯಲ್ಲ.

ತೂತು ಕೊರೆಯುವಾಗ ಕೆಟ್ಟರೆ

ಡ್ರಿಲ್ ಬಿಟ್‌ಗೆ ರೆಸಿನ್ ಮೆತ್ತಿಕೊಂಡು ಬರುತ್ತಿದ್ದರೆ ಎರಡು ಕಾರಣ: ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ, ಇಲ್ಲವೇ ನೀವು ಬಿಟ್ಟೂಬಿಡದೆ ಕೊರೆದು ಕಾಯಿಸಿದ್ದೀರಿ. ಮನೆಯ ತಾಪದಲ್ಲಿ ಗಟ್ಟಿಯಾದ ಬಹುತೇಕ ಎಪಾಕ್ಸಿ 50–60 ಡಿಗ್ರಿಗೆಲ್ಲ ಮೆತ್ತಗಾಗಲು ಶುರುವಾಗುತ್ತದೆ. ಅರ್ಧ ಇಂಚು ಕೊರೆಯಿರಿ, ಹೊರಗೆಳೆಯಿರಿ, ಹೊಟ್ಟು ಊದಿ, ಬಿಟ್ ಬೆರಳಿಗೆ ಬಿಸಿ ಅನ್ನಿಸಿದರೆ ಕಾಯಿರಿ. ಕೊನೆಯಲ್ಲಿ ಮರ ಸಿಡಿದು ಬಾಯಿ ಬಿಡುವುದಾದರೆ ತುಂಡನ್ನು ಟ್ಯೂಬ್‌ಗಿಂತ ಉದ್ದ ಇಟ್ಟುಕೊಂಡು, ಬಿಟ್ ಆಚೆ ಬರುವ ಮೊದಲೇ ನಿಲ್ಲಿಸಿ, ಆ ತುದಿಯನ್ನು ಗರಗಸದಲ್ಲಿ ಕತ್ತರಿಸಿ ತೂತು ತೆರೆಯಿರಿ. ಇಷ್ಟೇ.

ಕಡೆಯುವಾಗ ತುಂಬಿದ್ದು ಕಿತ್ತು ಬಂದರೆ

ಹಾರಿಹೋದ ಚೂರನ್ನು ಹೊಟ್ಟಿನಲ್ಲಿ ಹುಡುಕಿ. ನಿಜವಾಗಿ ಹೇಳುತ್ತಿದ್ದೇನೆ, ಲೇತ್ ನಿಲ್ಲಿಸಿ ನೆಲದ ಮೇಲೆ ಬಗ್ಗಿ ಹುಡುಕಿ. ಆ ಚೂರಿನ ಬೆನ್ನು, ಅಂದರೆ ಮರಕ್ಕೆ ತಾಗಿದ್ದ ಮೈ, ಏನಾಯಿತು ಅಂತ ಹೇಳುತ್ತದೆ. ಬೆಳಕಿಗೆ ಹಿಡಿದು ನೋಡಿ. ಬೆನ್ನು ನುಣ್ಣಗೆ ಹೊಳೆಯುತ್ತಿದ್ದರೆ ರೆಸಿನ್ ಮರವನ್ನು ಹಿಡಿದೇ ಇರಲಿಲ್ಲ. ಸಾಗುವಾನಿಯಂಥ ಎಣ್ಣೆ ಮರವಿರಬಹುದು, ಸೀಳಿನಲ್ಲಿ ತೊಗಟೆ ಉಳಿದಿರಬಹುದು, ಇಲ್ಲವೇ ಮೊದಲೇ ಯಾರೋ ಫೆವಿಕ್ವಿಕ್ ಸುರಿದು ಗಾಜಿನಂಥ ಪದರ ಮಾಡಿರಬಹುದು. ಒಳಗೋಡೆಯನ್ನು ಸೂಜಿಮೊನೆ ಅಥವಾ ಸಣ್ಣ ಫೈಲ್‌ನಿಂದ ಕೆರೆದು ಒರಟು ಮಾಡಿ, ಅಸಿಟೋನ್‌ನಲ್ಲಿ ಒರೆಸಿ, ಅದು ಪೂರ್ತಿ ಆರಿದ ಮೇಲೆ ತುಂಬಿ.

ಬೆನ್ನಿನ ಮೇಲೆ ಮರದ ನಾರು ಅಂಟಿಕೊಂಡು ಬಂದಿದ್ದರೆ ರೆಸಿನ್ ತನ್ನ ಕೆಲಸ ಮಾಡಿದೆ, ಮರ ಕೈಬಿಟ್ಟಿದೆ. ಕುಂಬು ಹಿಡಿದ ಮಾವಿನಲ್ಲಿ, ತೆಂಗಿನ ಒಳಭಾಗದಲ್ಲಿ ಇದು ಮಾಮೂಲು. ತೆಂಗಿನಲ್ಲಿ ಕಪ್ಪು ನಾರು ಕಬ್ಬಿಣದಂತೆ ಇರುತ್ತದೆ, ನಡುವಿನ ತಿರುಳು ಮಾತ್ರ ಮೆತ್ತಗೆ. ಇಂಥ ಮರಕ್ಕೆ ಸೀಳು ತುಂಬುವ ಮೊದಲು ತೆಳುವಾದ ಸೂಪರ್ ಗ್ಲೂ ಹನಿ ಹನಿಯಾಗಿ ಕುಡಿಸಿ ಗಟ್ಟಿ ಮಾಡಬೇಕು, ಅದು ಆರಿದ ಮೇಲೆ ಮೇಲ್ಮೈಯನ್ನು ಒರಟು ಮಾಡಿ ರೆಸಿನ್ ಹಾಕಬೇಕು. ಹತ್ತಿ ಬಟ್ಟೆಯಿಂದ ಒರೆಸಬೇಡಿ. ಸೂಪರ್ ಗ್ಲೂ ಹತ್ತಿಗೆ ತಾಗಿದರೆ ಬೆರಳು ಸುಡುವಷ್ಟು ಬಿಸಿಯಾಗಿ ಹೊಗೆ ಬರುತ್ತದೆ. ಇಡೀ ತುಂಡೇ ಕುಂಬಾಗಿದ್ದರೆ ನಿರ್ವಾತದಲ್ಲಿ ಸ್ಟೆಬಿಲೈಸಿಂಗ್ ರೆಸಿನ್ ಕುಡಿಸಿ ಓವನ್‌ನಲ್ಲಿ ಸುಮಾರು 90–95 ಡಿಗ್ರಿಯಲ್ಲಿ ಗಟ್ಟಿ ಮಾಡುವ ದಾರಿ ಇದೆ, ಆದರೆ ಅದಕ್ಕೆ ಮರ ಚೂರೂ ತೇವ ಇಲ್ಲದಂತೆ ಒಣಗಿರಬೇಕು. ಒಂದೆರಡು ಪೆನ್ನಿಗೋಸ್ಕರ ಆ ಸರಂಜಾಮು ಕೊಳ್ಳುವುದು ನನಗೆ ದಂಡ ಅನ್ನಿಸುತ್ತದೆ.

ಬೆನ್ನಿಗೆ ಹಿಟ್ಟಿನಂಥ ನುಣುಪು ಪುಡಿ ಮೆತ್ತಿದ್ದರೆ ಅದು ಹುಳು ತಿಂದು ಬಿಟ್ಟ ಪುಡಿ. ತೂತನ್ನು ಊದಿದರೆ ಸಾಲದು, ತಂತಿ ಆಡಿಸಿ ತೆಗೆಯಬೇಕು, ಆಗಲ್ಲ ಅಂದರೆ ಸಣ್ಣ ಬಿಟ್ ಹಾಕಿ ತೂತನ್ನೇ ಸ್ವಲ್ಪ ಅಗಲ ಮಾಡಿ. ಇನ್ನೊಂದು ಪರೀಕ್ಷೆ: ತುಂಡನ್ನು ಕಪ್ಪು ಕಾಗದದ ಮೇಲೆ ಒಂದು ವಾರ ಇಡಿ. ಕೆಳಗೆ ಹೊಸ ಪುಡಿ ಬಿದ್ದಿದ್ದರೆ ಹುಳು ಇನ್ನೂ ಜೀವಂತ. ರಫ್ತಿಗೆ ಹೋಗುವ ಪ್ಯಾಕಿಂಗ್ ಮರವನ್ನು ಒಳಗಿನ ತನಕ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸುವ ನಿಯಮ ಇದೆ, ಸಣ್ಣ ತುಂಡಿಗೆ ಮನೆಯ ಓವನ್‌ನಲ್ಲೇ ಅಷ್ಟು ಮಾಡಬಹುದು. ಹುಳುವನ್ನು ಒಳಗೇ ಬಿಟ್ಟು ರೆಸಿನ್ ಮುಚ್ಚಿದರೆ ಅದು ಪಕ್ಕದಲ್ಲಿ ಇನ್ನೊಂದು ಬಾಗಿಲು ಮಾಡಿಕೊಂಡು ಬರುತ್ತದೆ.

ಕಿತ್ತು ಬರದೆ ಅಂಚಿನಲ್ಲಿ ಚಕ್ಕೆ ಚಕ್ಕೆ ಏಳುತ್ತಿದ್ದರೆ ಉಳಿ ನೋಡಿ. ಮೆತ್ತಗಿನ ಮರದಿಂದ ಗಟ್ಟಿ ರೆಸಿನ್‌ಗೆ ದಾಟುವ ಜಾಗದಲ್ಲಿ ಮೊಂಡು ಉಳಿ ಒಂದೊಂದು ಸುತ್ತಿಗೂ ಗುದ್ದುತ್ತದೆ. ರೆಸಿನ್ ಸರಿಯಾಗಿ ಕಡೆಯುತ್ತಿದ್ದರೆ ಉದ್ದುದ್ದ ಎಳೆಯಾಗಿ ಬರಬೇಕು. ಬಿಳಿ ಪುಡಿ ಉದುರುತ್ತಿದ್ದರೆ ಉಳಿ ಸಾಣೆ ಹಿಡಿಯಿರಿ. ಎಳೆ ಬರುತ್ತಿದೆ ಆದರೆ ಅಂಟಂಟಾಗಿ ಉಳಿಗೆ ಸುತ್ತಿಕೊಳ್ಳುತ್ತಿದೆ ಅಂದರೆ ಇನ್ನೂ ಎರಡು ದಿನ ಬಿಡಿ. ಪಾಲಿಯೆಸ್ಟರ್ ಸ್ವಭಾವದಲ್ಲೇ ಪೆಡಸು, ಮರಕ್ಕೆ ಎಪಾಕ್ಸಿಯಷ್ಟು ಗಟ್ಟಿಯಾಗಿ ಹಿಡಿಯುವುದೂ ಇಲ್ಲ. ಅಗ್ಗಕ್ಕೆ ಸಿಗುತ್ತದೆ ಅಂತ ಸೀಳು ತುಂಬಲು ಅದನ್ನೇ ಹಿಡಿದು ಕೂತವರಿಗೆ ನಾನು ಹೇಳುವುದು ಒಂದೇ, ಇಡೀ ಪೆನ್ನನ್ನೇ ರೆಸಿನ್‌ನಲ್ಲಿ ಎರಕ ಹೊಯ್ಯಲು ಇಟ್ಟುಕೊಳ್ಳಿ, ಸೀಳಿಗೆ ಬೇಡ.

ಗುಳ್ಳೆಗಳು

ಗುಳ್ಳೆ ಒಡೆದು ಕಾಣುವ ತೂತಿನ ಆಕಾರ ನೋಡಿ. ಎಲ್ಲ ಕಡೆ ಹರಡಿದ ಸಣ್ಣ ಸಣ್ಣ ದುಂಡು ಗುಳ್ಳೆ ಅಂದರೆ ಕಲಸುವಾಗ ಬುರುಗು ಎಬ್ಬಿಸಿದ್ದೀರಿ. ಮರದ ಗೋಡೆಗೆ ಒತ್ತಿಕೊಂಡ ಚಪ್ಪಟೆ ಖಾಲಿ ಜಾಗ ಅಂದರೆ ರೆಸಿನ್ ಅಲ್ಲಿಗೆ ಮುಟ್ಟಿಲ್ಲ, ದಪ್ಪವಾಗಿತ್ತು ಇಲ್ಲವೇ ಒಂದೇ ಸಲ ಸುರಿದು ಗಾಳಿ ಮುಚ್ಚಿಬಿಟ್ಟಿರಿ. ಒಂದೇ ಜಾಗದಿಂದ ಸಾಲಾಗಿ ಮೇಲೆದ್ದ ಗುಳ್ಳೆ ಅಂದರೆ ಮರ ಉಸಿರು ಬಿಟ್ಟಿದೆ.

ಈ ಮೂರನೆಯದೇ ನಮ್ಮ ಕಡೆ ಜಾಸ್ತಿ. ಕಾರಣ ಬಿಸಿಲು. ಬೇಗ ಗಟ್ಟಿಯಾಗಲಿ ಅಂತ ತುಂಬಿದ ತುಂಡನ್ನು ತಾರಸಿ ಮೇಲೆ ಇಡುತ್ತಾರೆ. ಮರದ ರಂಧ್ರದಲ್ಲಿರುವ ಗಾಳಿ ಕಾದು ಹಿಗ್ಗಿ, ಇನ್ನೂ ನೀರಾಗಿರುವ ರೆಸಿನ್‌ನೊಳಗೆ ಬರುತ್ತದೆ, ಅಷ್ಟರಲ್ಲಿ ರೆಸಿನ್ ಗಟ್ಟಿಯಾಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಉಲ್ಟಾ ಮಾಡಿ. ತುಂಬುವ ಮೊದಲು ಮರವನ್ನು ಬಿಸಿಲಿಗಿಟ್ಟು ಬೆಚ್ಚಗೆ ಮಾಡಿ, ನೆರಳಿಗೆ ತಂದು ತುಂಬಿ, ನೆರಳಲ್ಲೇ ಬಿಡಿ. ಮರ ತಣ್ಣಗಾಗುತ್ತಾ ಒಳಗಿನ ಗಾಳಿ ಕುಗ್ಗಿ ರೆಸಿನ್ನನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಸಂಜೆ ತುಂಬುವುದು ಒಳ್ಳೆಯದು ಅನ್ನುವುದೂ ಇದಕ್ಕೇ. ಮೊದಲು ತೆಳುವಾಗಿ ಒಂದು ಕೋಟ್ ಸವರಿ ರಂಧ್ರ ಮುಚ್ಚಿ, ಅದು ಅಂಟಂಟಾಗಿರುವಾಗಲೇ ಮಿಕ್ಕಿದ್ದು ಸುರಿದರೆ ಇನ್ನೂ ಭದ್ರ.

ಎರಕ ಹೊಯ್ಯುವವರು 40ರಿಂದ 60 ಪಿಎಸ್‌ಐ ಒತ್ತಡದ ಪಾತ್ರೆಯಲ್ಲಿಟ್ಟು ಗುಳ್ಳೆಯನ್ನು ಕಣ್ಣಿಗೆ ಕಾಣದಷ್ಟು ಕುಗ್ಗಿಸುತ್ತಾರೆ. ಸಣ್ಣ ಸೀಳಿಗೆ ಅದೇನೂ ಬೇಕಾಗಿಲ್ಲ. ಮನೆಯ ಕುಕ್ಕರ್‌ಗೆ ವಾಲ್ವ್ ಬಿಗಿದು ಕಂಪ್ರೆಸರ್ ಗಾಳಿ ತುಂಬುವ ಐಡಿಯಾ ಯಾರಾದರೂ ಕೊಟ್ಟರೆ ಕೇಳಬೇಡಿ. ಕುಕ್ಕರ್ ಕೆಲಸ ಮಾಡುವುದೇ 15 ಪಿಎಸ್‌ಐ ಆಸುಪಾಸಿನಲ್ಲಿ.

ಪಾಲಿಶ್ ಹೊತ್ತಿಗೆ ಕಾಣುವ ಕೊಳಕು

ಕಪ್ಪು ಮರದಲ್ಲಿ ಬಿಳಿ ಚುಕ್ಕಿ ಕಂಡರೆ ಅದು ಒಡೆದ ಗುಳ್ಳೆಯೊಳಗೆ ಸೇರಿದ ರೆಸಿನ್ ಪುಡಿ, ಉಪ್ಪುಕಾಗದದ ಕೊಡುಗೆ. ಹಳೇ ಟೂತ್‌ಬ್ರಶ್, ಗಾಳಿ, ಆಮೇಲೆ ತೆಳು ಸೂಪರ್ ಗ್ಲೂ ಹನಿ. ಗ್ಲೂವೇ ಬೆಳ್ಳಗಾದರೆ ಅದನ್ನು ಬೇಗ ಆರಿಸುವ ಆಕ್ಸಿಲರೇಟರ್ ಸ್ಪ್ರೇ ಹೆಚ್ಚಾಗಿದೆ ಅಥವಾ ಗಾಳಿಯಲ್ಲಿ ತೇವ ಇದೆ. ಸುಮ್ನೆ ಆರಲು ಬಿಡಿ, ಸ್ಪ್ರೇ ಬೇಡ.

ತುಂಬಿದ ಜಾಗದ ಸುತ್ತ ಮರ ಮಸಿ ಬಳಿದಂತೆ ಕಪ್ಪಾಗಿದ್ದರೆ ಹಿತ್ತಾಳೆ ಪುಡಿ ಹಾಕಿದ್ದೀರಿ ಅಲ್ವಾ? ಬಸ್ ಸ್ಟ್ಯಾಂಡ್ ಹತ್ತಿರ ನಕಲಿ ಕೀ ಮಾಡುವವರ ಬಳಿ ಪೊಟ್ಟಣದಲ್ಲಿ ಸಿಗುವ ಆ ಪುಡಿ ಹುಣಸೆಯ ಚೇಗಿನಲ್ಲಿ ಚಿನ್ನದ ಗೆರೆಯಂತೆ ಚೆನ್ನಾಗೇ ಕಾಣುತ್ತದೆ. ಆದರೆ ಹೊರಗಿನ ತಿಳಿಹಳದಿ ಮರದಲ್ಲಿ ಉಜ್ಜುವಾಗ ಲೋಹದ ಮಸಿ ರಂಧ್ರಕ್ಕೆ ಇಳಿಯುತ್ತದೆ. ಉಜ್ಜುವ ಮೊದಲು ಸುತ್ತಲಿನ ಮರಕ್ಕೆ ತೆಳು ಗ್ಲೂ ಹಾಕಿ ಮುಚ್ಚಿ. ಆಗಲೇ ಮಸಿ ಆಗಿದ್ದರೆ ಕಡೆಯಲು ಇನ್ನೂ ಮರ ಉಳಿದಿದೆಯಾ ನೋಡಿ, ಉಳಿದಿದ್ದರೆ ಓರೆ ಬಾಯಿಯ ಸ್ಕ್ಯೂ ಉಳಿಯಿಂದ ಒಂದು ತೆಳು ಪದರ ತೆಗೆಯಿರಿ.

ಬೆರಳಿಗೆ ಉಬ್ಬು ತಗ್ಗು ತಾಗಿದರೆ ಮರ ಬೇಗ ಸವೆದು ರೆಸಿನ್ ಎದ್ದು ನಿಂತಿದೆ. ಲೇತ್ ನಿಲ್ಲಿಸಿ, ಕಾಗದಕ್ಕೆ ಗಟ್ಟಿ ಮರದ ಚೂರನ್ನು ಆನಿಸಿ, ಉದ್ದಕ್ಕೆ ಉಜ್ಜಿ. ಇನ್ನು ಪಾರದರ್ಶಕ ರೆಸಿನ್ ಒಳಗಿಂದ ಹಿತ್ತಾಳೆ ಟ್ಯೂಬ್ ಇಣುಕಿದರೆ ಆಗ ಮಾಡುವಂಥದ್ದು ಏನೂ ಇಲ್ಲ. ಮುಂದಿನ ಸಲ ಟ್ಯೂಬ್‌ಗೆ ಕಪ್ಪು ಬಣ್ಣ ಬಳಿದು ಅಂಟಿಸಿ.

ತಿಂಗಳ ಮೇಲೆ ಬಂದ ಬಿರುಕು

ಬಿರುಕು ರೆಸಿನ್‌ನ ಪಕ್ಕದಲ್ಲೇ, ಮರದ ಎಳೆಯ ಉದ್ದಕ್ಕೂ ಕೂದಲಿನಷ್ಟು ಸಣ್ಣಗೆ ಓಡಿದ್ದರೆ ಬೇರೆ ಯೋಚನೆಯೇ ಬೇಡ, ಮರ ಹಸಿ ಇತ್ತು. ಹಿತ್ತಾಳೆ ಕುಗ್ಗುವುದಿಲ್ಲ, ರೆಸಿನ್ ಕುಗ್ಗುವುದಿಲ್ಲ, ಮರ ಕುಗ್ಗುತ್ತದೆ, ಎಲ್ಲಿಯಾದರೂ ಬಾಯಿ ಬಿಡಲೇಬೇಕು. ಮಳೆಗಾಲದಲ್ಲಿ ಮಾಡಿದ ಪೆನ್ನು ಫೆಬ್ರವರಿ, ಮಾರ್ಚ್‌ನ ಒಣ ಗಾಳಿಗೆ ಸೀಳುವುದು ಇದಕ್ಕೇ.

ಸಾಮಿಲ್‌ನವರು "ವರ್ಷದಿಂದ ಬಿಸಿಲಲ್ಲಿ ಬಿದ್ದಿದೆ, ಒಣಗಿದೆ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಹೊರಗೆ ಒಣಗಿರುತ್ತದೆ. ದಿಮ್ಮಿಯ ಹೊಟ್ಟೆಯಲ್ಲಿ ನೀರು ಹಾಗೇ ಇರುತ್ತದೆ. ದಿಮ್ಮಿ ತಂದ ಕೂಡಲೇ ಪೆನ್ನಿನ ಅಳತೆಗೆ ಸೀಳಿ, ತುದಿಗಳಿಗೆ ಮೇಣ ಸವರಿ, ಗಾಳಿ ಆಡುವಂತೆ ಅಡ್ಡಡ್ಡ ಜೋಡಿಸಿ ನೆರಳಲ್ಲಿಡಿ. ತೇವ ಅಳೆಯುವ ಮೀಟರ್ ಇಲ್ಲದಿದ್ದರೂ ಪರವಾಗಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ಒಂದು ತುಂಡು ತೂಗಿ ಅದರ ಮೇಲೆಯೇ ಪೆನ್ಸಿಲ್‌ನಲ್ಲಿ ತೂಕ ಬರೆಯಿರಿ. ಮೂರ್ನಾಲ್ಕು ವಾರ ತೂಕ ಇಳಿಯದೆ ನಿಂತರೆ ಮರ ನಿಮ್ಮ ಶೆಡ್ಡಿನ ಹವೆಗೆ ಒಗ್ಗಿದೆ. ಮಳೆಗಾಲದಲ್ಲಿ ನಿಂತ ತೂಕವನ್ನು ಮಾತ್ರ ನಂಬಬೇಡಿ, ಬೇಸಿಗೆಯಲ್ಲಿ ಮತ್ತೆ ಇಳಿಯುತ್ತದೆ. ಸೀಳು ತುಂಬುವುದು ಇದೆಲ್ಲ ಆದ ಮೇಲೆ. ಹಸಿ ಮರದ ಸೀಳನ್ನು ತುಂಬಿದರೆ ಇನ್ನೂ ಅಗಲವಾಗಬೇಕಿದ್ದ ಸೀಳಿಗೆ ಅರ್ಧ ದಾರಿಯಲ್ಲಿ ಅಂಟು ಹಾಕಿದಂತೆ.

ವಾಪಸ್ ಬಂದ ಪೆನ್ನಿನ ಕೂದಲು ಬಿರುಕಿಗೆ ತೆಳು ಗ್ಲೂ ಹನಿಸಿದರೆ ಅದೇ ಎಳೆದುಕೊಳ್ಳುತ್ತದೆ, ಉಜ್ಜಿ ಪಾಲಿಶ್ ಮಾಡಿದರೆ ಕಾಣುವುದೂ ಇಲ್ಲ. ಅದೇ ಜಾಗದಲ್ಲಿ ಎರಡನೇ ಸಲ ಬಿಟ್ಟರೆ ತೇಪೆ ಹಾಕುತ್ತಾ ಕೂರಬೇಡಿ, ಮರವನ್ನು ಟ್ಯೂಬ್ ತನಕ ಕಡೆದು ತೆಗೆದು ಅದೇ ಟ್ಯೂಬ್‌ಗೆ ಬೇರೆ ತುಂಡು ಹಾಕಿ ಕೊಡಿ.

ತುಂಬಲೇಬಾರದ ತುಂಡುಗಳೂ ಇವೆ. ಬುಶ್ ಬರುವ ತುದಿಯಲ್ಲೇ ಸೀಳು ಇದ್ದರೆ ಅಲ್ಲಿ ಉಳಿಯುವ ಅರ್ಧ ಮಿಲಿಮೀಟರ್ ರೆಸಿನ್, ಕಿಟ್ ಒತ್ತಿ ಕೂರಿಸುವಾಗಲೇ ಸೀಳುತ್ತದೆ. ಆ ತುಂಡನ್ನು ಒಂದಿಂಚು ಆಚೆ ಈಚೆ ಜರುಗಿಸಿ ಕತ್ತರಿಸಿದರೆ ದೋಷ ಪೆನ್ನಿನ ನಡುವಿಗೆ ಬರುತ್ತದೆ, ಮರ ದಪ್ಪ ಇರುವ ಜಾಗಕ್ಕೆ. ಹೆಬ್ಬೆರಳ ಉಗುರು ಸಲೀಸಾಗಿ ಇಳಿಯುವಷ್ಟು ಕುಂಬಾಗಿದ್ದರೆ ಒಲೆಗೆ ಹಾಕಿ. ಅದೂ ರೆಸಿನ್ ತುಂಬುವ ಮೊದಲೇ ಹಾಕಿ, ತುಂಬಿದ ಮರ ಸುಟ್ಟರೆ ಹೊಗೆ ಕೆಟ್ಟದ್ದು. ಉಜ್ಜುವಾಗ ಮಾಸ್ಕ್, ಕಲಸುವಾಗ ಗ್ಲೌಸ್ ಇರಲಿ. ಗಟ್ಟಿಯಾಗದ ಎಪಾಕ್ಸಿ ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಶುರುವಾಗುತ್ತದೆ, ಶುರುವಾದ ಮೇಲೆ ಹೋಗುವುದು ಕಷ್ಟ.

ಕೊನೆಯದಾಗಿ ಬಣ್ಣ. ವರ್ಷ ಕಳೆದ ಮೇಲೆ ತಿಳಿಯಾಗಿದ್ದ ಎಪಾಕ್ಸಿ ಹಳದಿಗೆ ತಿರುಗಿದರೆ ಅದು ಬಿಸಿಲಿನ ಕೆಲಸ, ನಿಮ್ಮ ಕೈಯಲ್ಲಿ ಏನೂ ತಪ್ಪಾಗಿಲ್ಲ. ಪೆನ್ನು ಅಂಗಡಿ ಗಾಜಿನ ಹಿಂದೆ ಬಿಸಿಲಿಗೆ ಕೂರುವುದಾದರೆ ತಿಳಿ ರೆಸಿನ್ ಬದಲು ಕಪ್ಪು ಅಥವಾ ಕಾಫಿ ಬಣ್ಣ ಬೆರೆಸಿ ತುಂಬಿ. ಹುಣಸೆಗೆ ಹೇಗೂ ಕಪ್ಪೇ ಒಪ್ಪುತ್ತದೆ.